ಅಂಥದ್ದೇ ಇನ್ನೊಂದು ಬೋಲ್ಟು

ಕೇಳುಗರಿಗೆ ನಮಸ್ಕಾರ.

ಮನೆಯ ಚಿಲಕದ ಸ್ಕ್ರೂ ಸವೆದರೆ ಏನು ಮಾಡುತ್ತೇವೆ? ಹಳೆಯದನ್ನು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಇಂಥದ್ದೇ ನಾಲ್ಕು ಕೊಡಿ" ಅನ್ನುತ್ತೇವೆ. ಅಂಗಡಿಯವನು ಎರಡನ್ನೂ ಅಂಗೈ ಮೇಲಿಟ್ಟು ನೋಡಿ ಕೊಡುತ್ತಾನೆ. ಚಿಲಕಕ್ಕೆ ಅಷ್ಟು ಸಾಕು.

1990ರ ಜೂನ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅನುಭವಿ ಮೇಲ್ವಿಚಾರಕರೊಬ್ಬರು ವಿಮಾನಕ್ಕೂ ಹೀಗೇ ಮಾಡಿದರು. ರಾತ್ರಿ ಪಾಳಿ, ಜನ ಕಡಿಮೆ. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನದ ಕಾಕ್‌ಪಿಟ್ಟಿನ ಎಡಬದಿಯ ಮುಂಗಾಜು ಬದಲಾಯಿಸಬೇಕಿತ್ತು. ಅದಕ್ಕೆ 90 ಬೋಲ್ಟು. ಕ್ಯಾಟಲಾಗ್ ತೆರೆದಿದ್ದರೆ ಸರಿಯಾದ ನಂಬರು ಸಿಗುತ್ತಿತ್ತು. ಅವರು ಬಿಚ್ಚಿದ ಬೋಲ್ಟನ್ನೇ ಮಾದರಿಯಾಗಿ ಹಿಡಿದು ಹೊರಟರು. ಈ ಗಾಜಿಗೆ ಹಾಕುವುದು ಬೇರೆ ಅಳತೆಯದು ಎಂದು ಸ್ಟೋರಿನವರು ಹೇಳಿಯೂ ಇದ್ದರು. ಅಲ್ಲಿ ಸಾಕಷ್ಟು ಸಿಗದೆ ಇನ್ನೊಂದು ಕಡೆ, ಮಬ್ಬು ಬೆಳಕಿನಲ್ಲಿ, ಕಣ್ಣಳತೆಯಲ್ಲೇ ಆರಿಸಿದರು. ಕೊನೆಗೆ ಗಾಜಿಗೆ ಕೂತ ಬೋಲ್ಟುಗಳಲ್ಲಿ 84 ಅಡ್ಡಳತೆಯಲ್ಲಿ 0.66 ಮಿಲಿಮೀಟರ್ ಸಣ್ಣ. ಉಳಿದ ಆರು ಗಿಡ್ಡ. ವಿಚಿತ್ರವೆಂದರೆ, ಮಾದರಿಯಾಗಿ ಹಿಡಿದಿದ್ದ ಹಳೆಯ ಬೋಲ್ಟೂ ಗಿಡ್ಡದ್ದೇ! ಆದರೂ ಅಷ್ಟು ದಿನ ಗಾಜನ್ನು ಹಿಡಿದುಕೊಂಡಿತ್ತು.

27 ಗಂಟೆಗಳ ನಂತರ, ಜೂನ್ 10ರ ಬೆಳಿಗ್ಗೆ, 81 ಪ್ರಯಾಣಿಕರೊಂದಿಗೆ ವಿಮಾನ ಸ್ಪೇನಿನ ಮಾಲಗಾಕ್ಕೆ ಹೊರಟಿತು. ಮೇಲೇರಿದಷ್ಟೂ ಒಳಗಿನ ಗಾಳಿ ಗಾಜನ್ನು ಆಚೆಗೆ ಒತ್ತುತ್ತದೆ. ಆ ಗಾಜನ್ನೋ ಹೊರಗಿನಿಂದ ಕೂರಿಸುವುದು. ಒತ್ತಡವೆಲ್ಲ ಬೋಲ್ಟಿನ ಮೇಲೆ. 17,300 ಅಡಿ ಎತ್ತರದಲ್ಲಿ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅವರ ಅರ್ಧ ದೇಹ ವಿಮಾನದ ಆಚೆ! ಪರಿಚಾರಕರು ಸರದಿಯಲ್ಲಿ ಅವರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸತ್ತರೆಂದೇ ತಿಳಿದರೂ ಬಿಡಲಿಲ್ಲ. ಸುಮಾರು 20 ನಿಮಿಷ. ಸಹ ಪೈಲಟ್ ಸೌತಾಂಪ್ಟನ್ನಿನಲ್ಲಿ ವಿಮಾನ ಇಳಿಸಿದರು. ಎಲ್ಲರೂ ಬದುಕಿದರು. ಕ್ಯಾಪ್ಟನ್ ಐದು ತಿಂಗಳೊಳಗೆ ಮತ್ತೆ ಕೆಲಸಕ್ಕೆ ಬಂದರು.

ಮೇಲ್ವಿಚಾರಕರನ್ನು ಬೈದು ಸುಮ್ಮನಾಗಬಹುದಿತ್ತು. ನನಗೇಕೋ ಮನಸ್ಸು ಬರುವುದಿಲ್ಲ. ಅವರು ಸೋಮಾರಿಯಲ್ಲ, ಆಳಿಲ್ಲದ ರಾತ್ರಿ ತಾವೇ ಕೈಹಾಕಿ ಕೆಲಸ ಮುಗಿಸಿದವರು. ಮಾಡಿದವರೂ ಅವರೇ, ಸರಿಯಿದೆಯೆಂದು ಸಹಿ ಹಾಕಿದವರೂ ಅವರೇ. ಇನ್ನೊಬ್ಬರು ಬಂದು ಪರೀಕ್ಷಿಸಲೇಬೇಕಾದ ಕೆಲಸಗಳ ಪಟ್ಟಿಯಲ್ಲಿ ಮುಂಗಾಜು ಇರಲೇ ಇಲ್ಲ. ಒಳಗೆ ಒತ್ತಡ ತುಂಬಿ ನೋಡಬೇಕೆಂಬ ನಿಯಮವೂ ಇರಲಿಲ್ಲ.

ಹಾರಿಹೋದ ಗಾಜು ಆಕ್ಸ್‌ಫರ್ಡ್‌ಶೈರಿನ ಚೋಲ್ಸಿ ಊರಿನ ಹತ್ತಿರ ಸಿಕ್ಕಿತು. ಬೋಲ್ಟುಗಳೂ ಹಲವು ಸಿಕ್ಕವು. ತನಿಖೆಯವರು ಅವನ್ನು ಅಂಗೈ ಮೇಲಿಟ್ಟು ನೋಡಲಿಲ್ಲ, ಅಳೆದರು.

ನಮಸ್ಕಾರ.