ಪುಟ ತೆಗೆದು ಮಾತಾಡಿ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಊರಲ್ಲೊಂದು ಓದುಗರ ಬಳಗ ಕಟ್ಟಿಕೊಂಡು, ತಿಂಗಳಿಗೊಂದು ಪುಸ್ತಕ ಓದಿ, ಒಟ್ಟಿಗೆ ಕೂತು ಮಾತಾಡುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಗ್ರಂಥಾಲಯದಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಪುಟ ತೆಗೆದು ಮಾತಾಡಿ. ಬಳಗ ಉಳಿಯುವುದೂ ಮುರಿಯುವುದೂ ಇದೊಂದರ ಮೇಲೆ.

ಸಾಮಾನ್ಯವಾಗಿ ನಡೆಯುವುದೇನು? ಎಂಟ್ಹತ್ತು ಜನ ಸೇರುತ್ತಾರೆ. ಒಬ್ಬರು ಇಡೀ ಕತೆ ಒಪ್ಪಿಸುತ್ತಾರೆ. ಎಲ್ಲರೂ ಓದಿಕೊಂಡೇ ಬಂದಿರುವಾಗ ಕತೆ ಯಾಕೆ ಸ್ವಾಮಿ? ಇನ್ನೊಬ್ಬರು ಬೆನ್ನುಡಿಯಲ್ಲಿ ಇದ್ದದ್ದನ್ನೇ ಹೇಳುತ್ತಾರೆ. ಉಳಿದವರು 'ತುಂಬಾ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು' ಅನ್ನುತ್ತಾರೆ. ಕಾಫಿ ಬರುತ್ತದೆ, ಸಭೆ ಮುಗಿಯುತ್ತದೆ. ಮುಂದಿನ ತಿಂಗಳು ಬರುವವರು ಅರ್ಧ. ಆಮೇಲೆ ಬಳಗವೇ ನಿಂತುಹೋಗುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ. ಅಷ್ಟು ಜನ ಓದಿದ್ದರು, ಒಬ್ಬರಾದರೂ ತಮಗೆ ಅನಿಸಿದ್ದನ್ನು ಹೇಳಲಿಲ್ಲ.

ಚೆನ್ನಾಗಿದೆ ಅಂದರೆ ಎಲ್ಲಿ? ಬೇಜಾರಾಯಿತು ಅಂದರೆ ಯಾವ ಪುಟದಲ್ಲಿ? ತೆಗೆದು ತೋರಿಸಿ. ನಾಲ್ಕು ಸಾಲು ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ಮಾತು.

ನಮ್ಮ ಬಳಗದಲ್ಲಿ ಒಮ್ಮೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇಟ್ಟುಕೊಂಡಿದ್ದೆವು. 1976ರಲ್ಲಿ ಬಂದ ಕಾದಂಬರಿ. ಇಂದಿರಾ ನಮ್ಮ ತೀರ್ಥಹಳ್ಳಿಯವರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳ ಇಡೀ ಬದುಕು ಅದರಲ್ಲಿದೆ. ಫಣಿಯಮ್ಮ ಬರೀ ಕಲ್ಪನೆಯಲ್ಲ, ಲೇಖಕಿ ಬಾಲ್ಯದಲ್ಲಿ ಕಂಡಿದ್ದ ಹಿರಿಯರೊಬ್ಬರ ಬದುಕೇ ಅದಕ್ಕೆ ಆಧಾರ. ಅವತ್ತು ಮೊದಲು ಮಾತಾಡಿದವರೆಲ್ಲ ಕೈ ಮುಗಿಯುವವರೇ. 'ತ್ಯಾಗಮಯಿ', 'ಋಷಿಯಂಥವಳು' ಅಂತ ಹೇಳಿ ಹೇಳಿ ಕೂತರು.

ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಕೂತಿದ್ದರು. ಅವರ ಪುಸ್ತಕದ ತುಂಬ ಬಟ್ಟೆ ಚೂರು. ಹಸಿರು ಪಾಪ್ಲಿನ್, ಹೂವಿನ ವಾಯಿಲ್, ಯಾವುದೋ ಲಂಗದ ಅಂಚು. ಓದುತ್ತಾ ಮನಸ್ಸು ನಿಂತ ಕಡೆಯೆಲ್ಲ ಒಂದೊಂದು ಚೂರು ಇಟ್ಟುಕೊಂಡು ಬಂದಿದ್ದರು. ಅವರು ಹೇಳಿದರು: 'ನನಗೆ ಫಣಿಯಮ್ಮನ ಮೇಲೆ ಸಿಟ್ಟು ಬಂತು ಸಾರ್.'

ನಿವೃತ್ತ ಮೇಷ್ಟರೊಬ್ಬರಿಗೆ ತಡೆಯಲಾಗಲಿಲ್ಲ. 'ಅಂಥ ಪುಣ್ಯವಂತೆ ಮೇಲೆ ಸಿಟ್ಟೇನಮ್ಮ?'

'ತನಗಾದ ಅನ್ಯಾಯಕ್ಕೆ ಒಂದು ಮಾತೂ ಆಡುವುದಿಲ್ಲವಲ್ಲ ಮೇಷ್ಟ್ರೇ. ಎಲ್ಲರ ಕಷ್ಟಕ್ಕೂ ಇವಳು ಬೇಕು, ಇವಳ ಕಷ್ಟಕ್ಕೆ ಯಾರಿದ್ದರು?'

ಪಕ್ಕದಲ್ಲಿದ್ದ ವಯಸ್ಸಾದ ಅಜ್ಜಿ 'ಆಡ್ತಾಳೆ ಕಣೇ. ದಾಕ್ಷಾಯಿಣಿ ಬರೋ ಕಡೆ ತೆಗಿ' ಅಂದರು. ತೆಗೆದರು, ಗಟ್ಟಿಯಾಗಿ ಓದಿದರು. ದಾಕ್ಷಾಯಿಣಿ ಎಂಬ ಹುಡುಗಿ ವಿಧವೆಯಾದಾಗ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಅಲ್ಲಿ ಫಣಿಯಮ್ಮ ಆ ಹುಡುಗಿಯ ಪರ ನಿಲ್ಲುತ್ತಾಳೆ. ಓದಿ ಮುಗಿಸಿ ಹೊಲಿಗೆಯವರು ಅಂದರು: 'ಬೇರೆಯವಳಿಗಾಗಿ ಆಡಿದಳು. ತನಗಾಗಿ ಆಡಲಿಲ್ಲ. ನನ್ನ ಸಿಟ್ಟು ಹಾಗೇ ಇದೆ.'

ಈಗ ಮೇಷ್ಟರೂ ಕನ್ನಡಕ ಹಾಕಿಕೊಂಡು ಪುಟ ಹುಡುಕಿದರು. ದಲಿತ ಹೆಣ್ಣುಮಗಳ ಹೆರಿಗೆ ಕಷ್ಟವಾದಾಗ ಫಣಿಯಮ್ಮ ಕಟ್ಟಳೆ ಮೀರಿ ಹೋಗಿ ಕೈಯಾರೆ ಹೆರಿಗೆ ಮಾಡಿಸುವ ಭಾಗ ಅದು. 'ಬಾಯಲ್ಲಿ ಆಡದಿದ್ದರೇನಮ್ಮ, ಇದೂ ಮಾತೇ ಅಲ್ವಾ?' ಅಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇರಬಹುದು, ಆದರೆ ಅದೂ ಇನ್ನೊಬ್ಬರಿಗೇ' ಅಂದರು. ಗ್ರಂಥಾಲಯಕ್ಕೆ ಬೀಗ ಹಾಕುವ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಒಬ್ಬರನ್ನೊಬ್ಬರು ಒಪ್ಪಲೂ ಇಲ್ಲ. ಮುಂದಿನ ತಿಂಗಳು ಎಲ್ಲರೂ ಬಂದರು, ಪುಸ್ತಕದಲ್ಲಿ ಗುರುತು ಇಟ್ಟುಕೊಂಡು ಬಂದರು.

ಗಮನಿಸಿ, ಅಲ್ಲಿ ಯಾರೂ ವಿಮರ್ಶಕರಲ್ಲ. ಪುಟ ಮುಂದಿತ್ತು, ಅದಕ್ಕೇ ಜಗಳ ಮನುಷ್ಯರ ಮೇಲೆ ತಿರುಗಲಿಲ್ಲ. ಜಾಸ್ತಿ ಓದಿದವರು, ಕಡಿಮೆ ಓದಿದವರು ಅನ್ನುವ ಭೇದವೂ ಉಳಿಯಲಿಲ್ಲ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು ಮಾತಾಡಲು ಅಧ್ಯಾಪಕರನ್ನು ಬಿಡಬೇಡಿ, ಎಲ್ಲರಿಗಿಂತ ಚಿಕ್ಕವರಿಂದ ಶುರು ಮಾಡಿ. ಪೂರ್ತಿ ಓದಲು ಆಗದವರೂ ಬರಲಿ, ಯಾವ ಪುಟಕ್ಕೆ ಕೈಬಿಟ್ಟರು, ಯಾಕೆ ಅಂತ ಹೇಳಲಿ. ಬೇರೆ ಬೇರೆ ಮುದ್ರಣವಿದ್ದರೆ ಪುಟದ ಸಂಖ್ಯೆ ಹೊಂದುವುದಿಲ್ಲ, ಆಗ ಅಧ್ಯಾಯ ಹೇಳಿ. ದಪ್ಪ ಪುಸ್ತಕಕ್ಕೆ ಎರಡು ತಿಂಗಳು ಕೊಡಿ. ಪ್ರತಿ ಸಾಲದಿದ್ದರೆ ವಾರಕ್ಕೊಬ್ಬರಂತೆ ಕೈ ಬದಲಾಯಿಸಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಮೇಲ್ವಿಚಾರಕರನ್ನು ಕೇಳಿ, ಪುಸ್ತಕವೂ ಸಿಗುತ್ತದೆ, ಕೂರಲು ಜಾಗವೂ ಸಿಗಬಹುದು.

ಮೊದಲ ಪುಸ್ತಕ ಯಾವುದು ಅಂತ ಸುಮ್ನೆ ತಿಂಗಳುಗಟ್ಟಲೆ ಯೋಚಿಸಬೇಡಿ. ನಿಮ್ಮ ಬೀರುವಿನಲ್ಲೂ ಪಕ್ಕದ ಮನೆಯ ಬೀರುವಿನಲ್ಲೂ ಇರುವ ಒಂದು ತೆಳ್ಳನೆ ಪುಸ್ತಕ ಆರಿಸಿ. ಈ ಭಾನುವಾರವೇ ಇಬ್ಬರನ್ನು ಮನೆಗೆ ಕರೆಯಿರಿ. ಶುರುವಿಗೆ ಮೂರು ಜನ ಸಾಕು. ಬರುವಾಗ ಪುಸ್ತಕ ಕೈಯಲ್ಲಿರಲಿ, ಒಂದು ಪುಟಕ್ಕಾದರೂ ಗುರುತು ಇಟ್ಟಿರಲಿ ಅಂತ ಈಗಲೇ ಹೇಳಿಬಿಡಿ. ನಮಸ್ಕಾರ.