ವರ್ಷಕ್ಕೆ 6,000 ಡಾಲರಿನ ಕೆಲಸ

ಕೇಳುಗರೇ, ನಮಸ್ಕಾರ.

ಒಳ್ಳೆ ಕಂಪನಿಯಲ್ಲಿ ಕೆಲಸ. ತಿಂಗಳಾದರೆ ಸಂಬಳ. ಅದನ್ನು ಬಿಟ್ಟು, ಹುಡುಗಿಯರಿಗೆ ಫುಟ್‌ಬಾಲ್ ಕಲಿಸೋಕೆ ಹೋಗ್ತೀನಿ ಅಂತ ಮಗಳು ಹೇಳಿದರೆ ಮನೆಯಲ್ಲಿ ಏನನ್ನುತ್ತಾರೆ? 1990ರ ದಶಕದಲ್ಲಿ ಅಮೆರಿಕದಲ್ಲಿ ಜಿಲ್ ಎಲಿಸ್ ಇದನ್ನೇ ಮಾಡಿದರು. ಅವರು ಟೆಲಿಫೋನ್ ಉಪಕರಣಗಳ ಕಂಪನಿಯಲ್ಲಿ ಟೆಕ್ನಿಕಲ್ ರೈಟರ್. ಬೆಂಗಳೂರಿನಲ್ಲೂ ಎಷ್ಟೋ ಜನ ಮಾಡುವ ಕೆಲಸ. ಅದನ್ನು ಬಿಟ್ಟು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಸಹಾಯಕ ಕೋಚ್ ಆದರು. ವರ್ಷಕ್ಕೆ 6,000 ಡಾಲರ್. ಅಂದರೆ ತಿಂಗಳಿಗೆ ಬರೀ 500!

ಇಷ್ಟು ಹಂಬಲ ಎಲ್ಲಿಂದ ಬಂತು? ಜಿಲ್ ಹುಟ್ಟಿದ್ದು 1966ರಲ್ಲಿ, ಇಂಗ್ಲೆಂಡಿನಲ್ಲಿ. ಅಪ್ಪನೇ ಫುಟ್‌ಬಾಲ್ ಕೋಚ್. ಆದರೂ ಮಗಳಿಗೆ ಆಡೋಕೆ ಒಂದು ತಂಡ ಇರಲಿಲ್ಲ. ಹುಡುಗರ ಜೊತೆ ಸೇರಿ ಚೆಂಡು ಒದ್ದಿದ್ದೇ ಬಂತು. ಅಲ್ಲಿನ ಫುಟ್‌ಬಾಲ್ ಸಂಸ್ಥೆ 1921ರಲ್ಲೇ ಹೆಂಗಸರಿಗೆ ತನ್ನ ಮೈದಾನಗಳ ಬಾಗಿಲು ಮುಚ್ಚಿತ್ತು. ಅದು ತೆರೆಯೋಕೆ ಸುಮಾರು 50 ವರ್ಷ ಬೇಕಾಯಿತು. 1981ರಲ್ಲಿ ಮನೆಯವರು ಅಮೆರಿಕಕ್ಕೆ ಬಂದ ಮೇಲೆಯೇ ಜಿಲ್‌ಗೆ ತನ್ನದು ಅನ್ನುವ ತಂಡ ಸಿಕ್ಕಿದ್ದು.

ಅಮೆರಿಕದಲ್ಲಿ 1972ರಲ್ಲಿ ಟೈಟಲ್ ನೈನ್ ಅನ್ನೋ ಕಾನೂನು ಬಂದಿತ್ತು. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ. ಕಾಲೇಜುಗಳು ಒಂದೊಂದಾಗಿ ಹುಡುಗಿಯರ ತಂಡ ಕಟ್ಟಿದವು. ತಂಡ ಬಂದರೆ ಕೋಚ್ ಬೇಕೇ ಬೇಕು, ಅಲ್ವಾ?

ಇಲಿನಾಯ್ ವಿಶ್ವವಿದ್ಯಾಲಯ 1997ರಲ್ಲಿ ಮಹಿಳಾ ತಂಡ ಶುರು ಮಾಡಿದಾಗ ಅದರ ಮೊದಲ ಕೋಚ್ ಜಿಲ್. 1999ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ 12 ಸೀಸನ್. ಕಾಲೇಜು ಕೋಚ್ ಅಂದರೆ ಸುಮ್ನೆ ಸೀಟಿ ಊದುತ್ತಾ ನಿಲ್ಲೋದಲ್ಲ. ಹೈಸ್ಕೂಲು ಹುಡುಗಿಯರ ಪಂದ್ಯ ನೋಡಲು ಊರೂರು ಸುತ್ತಬೇಕು. ಅವರ ಅಪ್ಪ ಅಮ್ಮನ ಜೊತೆ ಕೂತು ಮಾತಾಡಬೇಕು. ಸ್ಕಾಲರ್‌ಶಿಪ್ಪನ್ನು ಅಳೆದು ತೂಗಿ ಹಂಚಬೇಕು. ನಾಲ್ಕು ವರ್ಷ ಕಲಿಸಿ ತಯಾರು ಮಾಡಿದ ಆಟಗಾರ್ತಿ ಡಿಗ್ರಿ ಮುಗಿಸಿ ಹೊರಟುಬಿಡುತ್ತಾಳೆ. ಮತ್ತೆ ಮೊದಲಿನಿಂದ ಶುರು.

ಯುಸಿಎಲ್‌ಎ ತಂಡ ಅವರ ಕೈಯಲ್ಲಿ 8 ಸಲ ರಾಷ್ಟ್ರೀಯ ಸೆಮಿಫೈನಲ್ ತಲುಪಿತು. ಮೂರು ಸಲ ಫೈನಲ್. ಮೂರರಲ್ಲೂ ಸೋಲು. 2004ರದ್ದಂತೂ ಪೆನಾಲ್ಟಿಯಲ್ಲಿ, 4-3. ಎಂಥಾ ಹೊಟ್ಟೆ ಉರಿಯುವ ಸೋಲು ನೋಡಿ! ಕಾಲೇಜು ಕಪ್ ಅವರಿಗೆ ಕೊನೆಗೂ ಸಿಗಲೇ ಇಲ್ಲ. ಆದರೂ 2014ರಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡ ಅವರ ಕೈಗೆ ಬಂತು. 2015, 2019, ಎರಡೂ ವಿಶ್ವಕಪ್ ಗೆದ್ದರು. ಮಹಿಳಾ ವಿಶ್ವಕಪ್ಪನ್ನು ಎರಡು ಸಲ ಗೆದ್ದ ಕೋಚ್ ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ನನ್ನ ಕಣ್ಣಿಗೆ ಕಟ್ಟಿದ್ದು 2015ರ ಫೈನಲ್. ಜುಲೈ 5, ವ್ಯಾಂಕೂವರ್, ಎದುರಿಗೆ ಜಪಾನ್. 14ನೇ ನಿಮಿಷ. ಜಪಾನಿನ ಡಿಫೆಂಡರ್ ತಲೆ ಕೊಟ್ಟ ಚೆಂಡು ದೂರ ಹೋಗದೆ ಮೇಲಕ್ಕೆ ಚಿಮ್ಮಿತು. ಕೆಳಗೆ ಬರುತ್ತಿದ್ದ ಹಾಗೇ ಅಮೆರಿಕದ ಲಾರೆನ್ ಹಾಲಿಡೇ ಬಲವಾಗಿ ಒದ್ದರು. ಗೋಲ್! ಯುಸಿಎಲ್‌ಎಯಲ್ಲಿ ನಾಲ್ಕು ವರ್ಷ ಈ ಹುಡುಗಿಗೆ ಆಟ ಕಲಿಸಿದ್ದು ಇದೇ ಜಿಲ್.

ನಮಸ್ಕಾರ.