ಕಡಲ ಪಕ್ಕದ ಒಳದಾರಿಯಲ್ಲಿ ಇಬ್ಬರು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಯಿದೋಣಿ ಅಂದ ಕೂಡಲೇ ಮನಸ್ಸಿಗೆ ಬರುವುದು ನಡುಗಡಲು, ದೊಡ್ಡ ಅಲೆ, ಗಾಳಿಗೆ ಉಬ್ಬಿದ ಹಾಯಿ. ಇವತ್ತು ನಾನು ಹೇಳಹೊರಟಿರುವ ಪ್ರಯಾಣದಲ್ಲಿ ಈ ಮೂರೂ ಕಡಿಮೆ. ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೂ ಒಂದು ನೀರಿನ ದಾರಿ ಇದೆ. ಕಡಲಿನ ಪಕ್ಕದಲ್ಲೇ ಸಾಗುತ್ತದೆ, ಆದರೆ ಕಡಲಿಗೆ ಇಳಿಯುವುದಿಲ್ಲ. ಇಂಟ್ರಾಕೋಸ್ಟಲ್ ವಾಟರ್‌ವೇ ಅಂತ ಹೆಸರು. ದೋಣಿಯವರು ಸುಮ್ನೆ ಐಸಿಡಬ್ಲ್ಯೂ ಅನ್ನುತ್ತಾರೆ. ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ಇದರ ಸೊನ್ನೆ ಮೈಲಿ. ಅಲ್ಲಿಂದ ಮಯಾಮಿಗೆ ಸುಮಾರು 1,090 ಮೈಲಿ, ಅಂದರೆ 1,750 ಕಿಲೋಮೀಟರಿನಷ್ಟು. ಚಳಿಗಾಲಕ್ಕೆ ಮುಂಚೆ ನಾನೂ ನಮ್ಮವರೂ ನಮ್ಮ ಹಾಯಿದೋಣಿಯಲ್ಲಿ ಈ ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು.

ಇದು ಒಂದೇ ಕಾಲುವೆ ಅಲ್ಲ. ನದಿಗಳು, ಅಳಿವೆಗಳು, ಉಪ್ಪುನೀರಿನ ಜೌಗಿನ ನಡುವಿನ ತೊರೆಗಳು, ಕಡಲಿನಷ್ಟೇ ಅಗಲವಾಗಿ ಕಾಣುವ ಆಳವಿಲ್ಲದ ಹಿನ್ನೀರುಗಳು. ಇವನ್ನೆಲ್ಲ ಅಲ್ಲಲ್ಲಿ ಕಾಲುವೆ ತೋಡಿ ಒಂದಕ್ಕೊಂದು ಸೇರಿಸಿದ್ದಾರೆ. ಹೊರಗಡೆ ಸಾಲಾಗಿ ಮರಳಿನ ದ್ವೀಪಗಳು ಇರುವುದರಿಂದ ಅಟ್ಲಾಂಟಿಕ್‌ನ ಅಲೆ ಒಳಗೆ ಬರುವುದಿಲ್ಲ. ಇಂಥದೊಂದು ದಾರಿ ಬೇಕು ಅಂತ 1808ರಲ್ಲೇ ಆಗಿನ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ವರದಿ ಬರೆದಿದ್ದರು. ದಕ್ಷಿಣ ಕೆರೊಲೈನಾದಲ್ಲಿ ಕೊನೆಯ ತುಂಡು ತೋಡಿ ಮುಗಿದದ್ದು 1936ರಲ್ಲಿ. ಇಂಥ ಒಳದಾರಿ ಯಾಕೆ ಬೇಕಿತ್ತು ಅನ್ನುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಉತ್ತರ ಕೆರೊಲೈನಾದ ಕೇಪ್ ಹ್ಯಾಟರಸ್ ಭೂಶಿರದ ಸುತ್ತಲಿನ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರು. ಅಲ್ಲಿ ಒಡೆದ ಹಡಗುಗಳಿಗೆ ಲೆಕ್ಕವಿಲ್ಲ. 1942ರಲ್ಲಿ ಜರ್ಮನಿಯ ಸಬ್‌ಮರೀನ್‌ಗಳು ಅದೇ ಕಡಲಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಈ ಒಳದಾರಿಯ ಬೆಲೆ ಎಲ್ಲರಿಗೂ ಗೊತ್ತಾಯಿತು.

ಈಗ ಇದನ್ನು ನೋಡಿಕೊಳ್ಳುವುದು ಸೇನೆಯ ಎಂಜಿನಿಯರುಗಳ ದಳ. ಟೋಲ್ ಇಲ್ಲ. ಸರಕಿನ ಬಾರ್ಜ್‌ಗಳೂ ಓಡಾಡುತ್ತವೆ, ನಮ್ಮಂಥ ಗಂಡ ಹೆಂಡಿರ ದೋಣಿಗಳೂ ಓಡಾಡುತ್ತವೆ. ಬೇಸಿಗೆ ಮುಗಿಯುತ್ತಾ ಬಂದ ಹಾಗೆ ಉತ್ತರದ ದೋಣಿಗಳೆಲ್ಲ ದಕ್ಷಿಣಕ್ಕೆ ಹೊರಡುತ್ತವೆ, ವಸಂತದಲ್ಲಿ ಮರಳುತ್ತವೆ. ಹಕ್ಕಿಗಳ ವಲಸೆಯ ಹಾಗೇ ಇರುವುದರಿಂದ ಈ ಜನಕ್ಕೆ ಸ್ನೋಬರ್ಡ್ ಅಂತ ಹೆಸರು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಹಾಗಾಗಿ ತುಂಬಾ ಬೇಗ ಹೊರಟರೂ ಕಷ್ಟ, ತಡವಾದರೆ ಚಳಿ.

ನಾರ್ಫೋಕ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ದೊಡ್ಡ ಕಾಲುವೆ, 1859ರದ್ದು, ಬಾರ್ಜ್‌ಗಳೆಲ್ಲ ಅಲ್ಲೇ ಹೋಗುವುದು. ಇನ್ನೊಂದು ಡಿಸ್ಮಲ್ ಸ್ವಾಂಪ್ ಕಾಲುವೆ. ನಾವು ಹಿಡಿದದ್ದು ಎರಡನೆಯದು. ಬೇಗ ಹೋಗಬೇಕಿದ್ದರೆ ಯಾರೂ ಅದನ್ನು ಹಿಡಿಯುವುದಿಲ್ಲ. ಕಿರಿದು, ಆಳ ಕಡಿಮೆ, ನೀರಿನಲ್ಲಿ ತೇಲುವ ದಿಮ್ಮಿಗಳು. ಎರಡು ತುದಿಯಲ್ಲೂ ಲಾಕ್‌ಗಳಿವೆ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ, ದೋಣಿಯನ್ನು ಸುಮಾರು 8 ಅಡಿ ಮೇಲೆತ್ತುತ್ತಾರೆ. ಆಮೇಲೆ ಮುಂದಿನ ಬಾಗಿಲು ತೆಗೆಯುತ್ತಾರೆ. ಲಾಕ್ ತೆಗೆಯುವುದು ಗೊತ್ತಾದ ಹೊತ್ತಿಗೆ ಮಾತ್ರ. ಅಲ್ಲಿಯವರೆಗೆ ಕಾಯಬೇಕು. ನೀರು ಏರುವಾಗ ಮುಂದಿನ ಹಗ್ಗ ನನ್ನ ಕೈಯಲ್ಲಿ, ಹಿಂದಿನದು ಅವರ ಕೈಯಲ್ಲಿ. ಒಬ್ಬರು ಎಳೆದುಕೊಂಡಷ್ಟೇ ಇನ್ನೊಬ್ಬರೂ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ದೋಣಿ ಅಡ್ಡ ತಿರುಗಿ ಗೋಡೆಗೆ ಉಜ್ಜುತ್ತದೆ.

ಒಳಗೆ ಹೋದರೆ 22 ಮೈಲಿ ನೇರ ಕಾಲುವೆ. ಎರಡೂ ದಡದ ಮರಗಳು ಮೇಲೆ ಬಾಗಿಕೊಂಡಿವೆ. ನೀರು ಗಟ್ಟಿ ಡಿಕಾಕ್ಷನ್ ಬಣ್ಣ. ಜೌಗಿನಲ್ಲಿ ಕೊಳೆಯುವ ಎಲೆ, ತೊಗಟೆಗಳಿಂದ ಟ್ಯಾನಿನ್ ಇಳಿದು ನೀರು ಹಾಗಾಗುತ್ತದೆ. ಕೊಳಕಲ್ಲ. ಸಂಜೆ ಹೊತ್ತಿಗೆ ನಮ್ಮ ಬಿಳಿ ದೋಣಿಯ ಮೂತಿಯ ಎರಡು ಪಕ್ಕಕ್ಕೂ ಕಂದು ಕಲೆ ಬಿದ್ದಿತ್ತು. ಐಸಿಡಬ್ಲ್ಯೂ ಮೀಸೆ ಅಂತಾರೆ ಅದಕ್ಕೆ. ನಿಂಬೆರಸ ಹಾಕಿ ಉಜ್ಜಿದರೆ ಹೋಗುತ್ತದೆ. ಆದರೆ ದಕ್ಷಿಣಕ್ಕೆ ಬಂದ ದೋಣಿಗಳಲ್ಲಿ ಎಷ್ಟೋ ಜನ ಅದನ್ನು ಹಾಗೇ ಉಳಿಸಿಕೊಂಡಿರುತ್ತಾರೆ. ನಾವೂ ಉಳಿಸಿಕೊಂಡೆವು.

ಈ ಕಾಲುವೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1793ರಲ್ಲಿ ತೋಡಲು ಶುರು ಮಾಡಿ 1805ರಲ್ಲಿ ದೋಣಿ ಬಿಟ್ಟರು. ತೋಡಿದವರು ಬಹುಪಾಲು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಸುತ್ತಲಿನ ಜಮೀನುದಾರರಿಂದ ಅವರನ್ನು ಬಾಡಿಗೆಗೆ ತಂದಿದ್ದರು. ಸೊಂಟದವರೆಗಿನ ಕೆಸರಿನಲ್ಲಿ, ಸೊಳ್ಳೆಗಳ ನಡುವೆ, ಯಂತ್ರಗಳಿಲ್ಲದೆ ಕೈಯಿಂದಲೇ ಮಾಡಿದ ಕೆಲಸ. ಅದೇ ಜೌಗಿನ ಒಳಗೆ, ಯಾರೂ ಹೋಗಲಾರದ ಒಣ ದಿಬ್ಬಗಳ ಮೇಲೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ತಲೆಮಾರುಗಳ ಕಾಲ ಅಡಗಿ ಬದುಕಿದರು. ನಮಗೆ ತಂಪಾದ ನೆರಳಿನ ದಾರಿ ಆಗಿರುವುದು ಅವರಿಗೆ ಏನಾಗಿತ್ತು ಅನ್ನುವುದು ಗೊತ್ತಿದ್ದೇ ಅಲ್ಲಿ ಹೋಗಬೇಕು. ಗಂಟೆಗೆ 5 ಮೈಲಿ ವೇಗದಲ್ಲಿ ಹೋಗುವಾಗ ಯೋಚನೆ ಮಾಡಲು ಹೊತ್ತು ಬೇಕಾದಷ್ಟು ಸಿಗುತ್ತದೆ.

ಕಾಲುವೆ ಮುಗಿದು ನದಿ ಸೇರಿ ಮುಂದೆ ಹೋದರೆ ಎಲಿಜಬೆತ್ ಸಿಟಿ ಅನ್ನುವ ಪುಟ್ಟ ಊರು. ಅಲ್ಲಿ ಬಂದ ದೋಣಿಗಳ ಹೆಂಗಸರಿಗೆ ಗುಲಾಬಿ ಕೊಟ್ಟು ಬರಮಾಡಿಕೊಳ್ಳುವ ಪದ್ಧತಿ 1983ರಲ್ಲಿ ಶುರುವಾಯಿತು. ಊರಿನ ಕೆಲವರು ತಾವಾಗಿಯೇ ಮಾಡಿದ ಕೆಲಸ ಅದು. ದಾರಿಯುದ್ದಕ್ಕೂ ದೋಣಿಯವರ ನಡುವೆ ಆ ಊರಿನ ಹೆಸರು ಬಂದರೆ ಸಾಕು, ಮೊದಲು ಗುಲಾಬಿಯ ಮಾತೇ ಬರುತ್ತದೆ.

ಇನ್ನು ದಾರಿ ಹುಡುಕುವ ವಿಷಯ. ನೀರು ಅರ್ಧ ಮೈಲಿ ಅಗಲ ಕಾಣುತ್ತದೆ, ನಿಜವಾಗಿ ದೋಣಿ ಹೋಗಬಹುದಾದ ಜಾಗ ಅದರಲ್ಲಿ ಒಂದು ಪಟ್ಟಿ ಮಾತ್ರ. ನಾರ್ಫೋಕ್‌ನಿಂದ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳ ಇರಬೇಕು ಅಂತ ಲೆಕ್ಕ. ಆದರೆ ಮರಳು, ಕೆಸರು ಲೆಕ್ಕ ಕೇಳುವುದಿಲ್ಲ. ಕಡಲಿನ ಬಾಯಿ ಇರುವ ಕಡೆಯೆಲ್ಲ ಮರಳು ಬಂದು ತುಂಬುತ್ತದೆ. ಎಲ್ಲಿ ಹಕ್ಕಿ ನಡೆದಾಡುತ್ತಿದೆಯೋ ಅಲ್ಲಿ ದೋಣಿ ಬಿಡಬಾರದು ಅನ್ನುವುದು ಇಲ್ಲಿನ ದೋಣಿಯವರ ಮಾತು. ಪೂರಾ ನಿಜ.

ದಾರಿ ತೋರಿಸಲು ನೀರಿನಲ್ಲಿ ಕೆಂಪು, ಹಸಿರು ಗುರುತುಗಳಿವೆ. ಅವುಗಳ ಮೇಲೆ ಹಳದಿ ಬಣ್ಣದ ಸಣ್ಣ ತ್ರಿಕೋನ ಅಥವಾ ಚೌಕ. ದಕ್ಷಿಣಕ್ಕೆ ಹೋಗುವಾಗ ಹಳದಿ ತ್ರಿಕೋನ ನಮ್ಮ ಬಲಕ್ಕಿರಬೇಕು, ಹಳದಿ ಚೌಕ ಎಡಕ್ಕೆ. ಯಾಕೆ ಎರಡೆರಡು ಗುರುತು? ಕೇಪ್ ಫಿಯರ್ ನದಿಗೆ ಇಳಿದಾಗ ಅದು ತಿಳಿಯುತ್ತದೆ. ಅಲ್ಲಿಯವರೆಗೆ ಬಲಗಡೆ ಇದ್ದ ಕೆಂಪು ಗುರುತು ಅಲ್ಲಿ ಎಡಗಡೆಗೆ ಬಂದುಬಿಡುತ್ತದೆ. ಯಾಕೆಂದರೆ ಆ ನದಿಯ ಗುರುತುಗಳು ಕಡಲಿನಿಂದ ಮೇಲೆ ಬರುವ ಹಡಗುಗಳಿಗಾಗಿ ಇಟ್ಟವು. ಅಂಥ ಕಡೆ ಕೆಂಪು ಹಸಿರು ಬಿಟ್ಟು ಹಳದಿಯನ್ನೇ ನಂಬಬೇಕು. ದುರ್ಬೀನು ಹಿಡಿದು ಹಳದಿ ಹುಡುಕುವುದು ನನ್ನ ಕೆಲಸ. ಚುಕ್ಕಾಣಿ ಅವರದು. "ರೀ, ಚೌಕ ಕಾಣಿಸ್ತು, ಎಡಕ್ಕೇ ಬಿಡಿ." "ಆಳ ಎಷ್ಟಿದೆ ನೋಡು." "ಹನ್ನೊಂದು... ಒಂಬತ್ತು... ರೀ, ಎಂಟು, ಸ್ವಲ್ಪ ನಿಧಾನ." ದಿನವಿಡೀ ನಮ್ಮ ಮಾತು ಬಹುಪಾಲು ಇಷ್ಟೇ. ಆದರೂ ಅಷ್ಟು ಹೊತ್ತು ಒಬ್ಬರ ಮಾತನ್ನು ಇನ್ನೊಬ್ಬರು ಅಷ್ಟು ಗಮನ ಕೊಟ್ಟು ಕೇಳುವ ದಿನಗಳು ಮನೆಯಲ್ಲಿ ಎಲ್ಲಿ ಸಿಗುತ್ತವೆ ಹೇಳಿ?

ಸೇತುವೆಗಳದ್ದು ಬೇರೆಯೇ ಕಥೆ. ಕೆಲವು ಸೇತುವೆಗಳು ದೋಣಿಗಾಗಿ ಮೇಲಕ್ಕೆ ಏಳುತ್ತವೆ, ಕೆಲವು ಏಳುವುದಿಲ್ಲ. ಹಾಗೆ ಏಳದ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ, ಅದೂ ಉಬ್ಬರದ ನೀರಿನಿಂದ ಮೇಲಕ್ಕೆ. ನಮ್ಮ ಹಾಯಿಕಂಬ, ತುದಿಯ ಆಂಟೆನಾ ಸೇರಿ, 60 ಅಡಿ. ಲೆಕ್ಕದಲ್ಲಿ 5 ಅಡಿ ಜಾಗ ಇದೆ. ಆದರೆ ಕೆಳಗೆ ನಿಂತು ಮೇಲೆ ನೋಡಿದರೆ ತಗುಲಿಯೇ ತಗುಲುತ್ತದೆ ಅಂತ ಅನಿಸುತ್ತದೆ. ಎಷ್ಟು ಸೇತುವೆ ದಾಟಿದರೂ ಹಾಗೇ ಅನಿಸುತ್ತದೆ. ಸೇತುವೆಯ ಬುಡದಲ್ಲಿ ಅಡಿಗಳನ್ನು ಬರೆದ ಹಲಗೆ ಇರುತ್ತದೆ. ನೀರು ಯಾವ ಅಂಕಿಯನ್ನು ಮುಟ್ಟಿದೆ ನೋಡಿದರೆ ಆ ಹೊತ್ತಿಗೆ ಮೇಲೆ ಎಷ್ಟು ಜಾಗ ಇದೆ ಅಂತ ಗೊತ್ತಾಗುತ್ತದೆ. ನಾನು ಮೇಲೆ ನೋಡುವುದನ್ನು ಬಿಟ್ಟು ಆ ಹಲಗೆಯನ್ನೇ ನೋಡುತ್ತೇನೆ.

ತಗ್ಗಿನ ಸೇತುವೆಗಳನ್ನು ಎತ್ತಿಸಬೇಕು ಅಥವಾ ಪಕ್ಕಕ್ಕೆ ತಿರುಗಿಸಬೇಕು. ಅಲ್ಲಿ ಸೇತುವೆ ನೋಡಿಕೊಳ್ಳುವವರು ಇರುತ್ತಾರೆ. ರೇಡಿಯೋದಲ್ಲಿ ಕೇಳಿಕೊಳ್ಳಬೇಕು. ವರ್ಜೀನಿಯಾ, ಉತ್ತರ ಕೆರೊಲೈನಾದಲ್ಲಿ 13ನೇ ಚಾನೆಲ್, ಅಲ್ಲಿಂದ ಕೆಳಗೆ 9. ರೇಡಿಯೋ ಇಲ್ಲದಿದ್ದರೆ ಹಾರ್ನ್ ಇದೆ, ಒಂದು ಉದ್ದ, ಒಂದು ಗಿಡ್ಡ. ಕೇಳಿದ ತಕ್ಷಣ ಎಲ್ಲ ಸೇತುವೆಯೂ ಏಳುವುದಿಲ್ಲ. ಕೆಲವು ಗಂಟೆಗೊಮ್ಮೆ, ಕೆಲವು ಅರ್ಧ ಗಂಟೆಗೊಮ್ಮೆ. ಎರಡು ನಿಮಿಷ ತಡವಾಯಿತೋ, ಹರಿವಿನಲ್ಲಿ ದೋಣಿಯನ್ನು ಹಿಡಿದುಕೊಂಡು ಮುಂದಿನ ಸರದಿಯವರೆಗೆ ಅಲ್ಲೇ ಸುತ್ತಬೇಕು. ಕ್ಯಾಂಪ್ ಲೆಜೂನ್ ಅನ್ನುವ ಕಡೆಯಂತೂ ಸೈನಿಕರು ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡುವ ದಿನಗಳಲ್ಲಿ ದಾರಿಯನ್ನೇ ನಿಲ್ಲಿಸುತ್ತಾರೆ. ಮುಗಿಯುವವರೆಗೆ ಕಾಯಬೇಕು. ನಾನು ಇಷ್ಟೆಲ್ಲ ಹೇಳುತ್ತಿರುವುದು ಯಾಕೆಂದರೆ, ಅವಸರ ಇಟ್ಟುಕೊಂಡು ಬಂದವರಿಗೆ ಈ ದಾರಿ ಬರೀ ಅಡ್ಡಿಗಳ ಸಾಲು. ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ದಿನಕ್ಕೆ 50 ಮೈಲಿ ಹೋದರೂ ಸರಿ, 20 ಹೋದರೂ ಸರಿ ಅಂದುಕೊಂಡವರಿಗೆ ಅದೇ ಸೇತುವೆ ಒಂದು ಕಪ್ ಕಾಫಿ ಕುಡಿಯುವ ಹೊತ್ತು.

ದಕ್ಷಿಣ ಕೆರೊಲೈನಾದ ವಕ್ಕಮಾ ನದಿಯಲ್ಲಿ ನಾವು ಬೇಕೆಂದೇ ನಿಧಾನ ಮಾಡಿದೆವು. ನನ್ನ ಮಟ್ಟಿಗೆ ಈ ಇಡೀ ದಾರಿಯಲ್ಲಿ ಅದಕ್ಕಿಂತ ಚಂದದ ಜಾಗ ಇಲ್ಲ. ಸೈಪ್ರಸ್ ಮರಗಳು ನೀರೊಳಗೇ ನಿಂತಿವೆ, ಕೊಂಬೆಗಳಿಂದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್ ಜೋತುಬಿದ್ದಿದೆ. ಅಲ್ಲಿಂದ ಕೆಳಗೆ ಮರಗಳು ಹಿಂದೆ ಸರಿದು ಉಪ್ಪುಹುಲ್ಲಿನ ಬಯಲು ಶುರುವಾಗುತ್ತದೆ. ಅಲ್ಲೊಂದು ಇಳಿತದ ಹೊತ್ತಿನಲ್ಲಿ ಡಾಲ್ಫಿನ್‌ಗಳು ಬೇಟೆಯಾಡುವುದನ್ನು ನೋಡಿದೆವು. ನಾಲ್ಕೈದು ಸೇರಿ ಮೀನಿನ ಹಿಂಡನ್ನು ದಡದ ಕಡೆಗೆ ಅಟ್ಟಿದವು. ಆಮೇಲೆ ಒಟ್ಟಿಗೇ ನುಗ್ಗಿ ಎಬ್ಬಿಸಿದ ಅಲೆಯ ಜೊತೆ ತಾವೂ ಕೆಸರಿನ ದಡದ ಮೇಲೆ ಜಾರಿ ಬಂದವು. ಮೀನು ಕೆಸರಿನಲ್ಲಿ ಪಟಪಟ ಒದ್ದಾಡುತ್ತಿತ್ತು. ಹೆಕ್ಕಿ ತಿಂದು, ಮೈ ತಿರುಗಿಸಿ, ಮತ್ತೆ ನೀರಿಗೆ. ಹೀಗೆ ದಡಕ್ಕೆ ಬರುವಾಗ ಅವು ಹೆಚ್ಚುಕಡಿಮೆ ಯಾವಾಗಲೂ ಬಲಮಗ್ಗುಲಿಗೇ ಬೀಳುತ್ತವೆ. ತಾಯಿಯಿಂದ ಮರಿ ಕಲಿಯುವ ವಿದ್ಯೆ ಇದು. ಎಂಜಿನ್ ನಿಲ್ಲಿಸಿ ದೂರದಲ್ಲೇ ನಿಂತೆವು. ಹತ್ತಿರ ಹೋಗಿ ಕಾಡುವುದು, ತಿಂಡಿ ಹಾಕುವುದು ಎರಡೂ ಅಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಇಲ್ಲದಿದ್ದರೂ ದೂರವೇ ಇರಬೇಕು, ಅಲ್ವಾ? ಬೆದರಿದರೆ ಅವುಗಳ ಊಟವೇ ತಪ್ಪಿಹೋಗುತ್ತದೆ.

ಜಾರ್ಜಿಯಾ ತಲುಪಿದ ಮೇಲೆ ಗಡಿಯಾರಕ್ಕಿಂತ ಉಬ್ಬರ ಇಳಿತದ ಪಟ್ಟಿ ಮುಖ್ಯ. ಅಲ್ಲಿ ನೀರು 7ರಿಂದ 9 ಅಡಿ ಏರಿ ಇಳಿಯುತ್ತದೆ. ಬೆಳಿಗ್ಗೆ ದೋಣಿ ನಿಂತಿದ್ದ ಕಡೆ ಮಧ್ಯಾಹ್ನ ಸಿಂಪಿಯ ದಿಬ್ಬ ಕಾಣಿಸಬಹುದು. ಲಂಗರು ಹಾಕುವಾಗ ಇದರ ಲೆಕ್ಕ ಬೇಕೇ ಬೇಕು. ಇಳಿತದಲ್ಲಿ 10 ಅಡಿ ನೀರು ಅಂತಿಟ್ಟುಕೊಳ್ಳಿ. ಉಬ್ಬರದ 8 ಸೇರಿಸಿ, ನೀರಿನಿಂದ ದೋಣಿಯ ಮೂತಿಯವರೆಗಿನ 4 ಸೇರಿಸಿ. 22 ಆಯಿತು. ಹಗ್ಗವಾದರೆ ಅದರ ಏಳರಷ್ಟು ಬಿಡಬೇಕು, ಅಂದರೆ 154 ಅಡಿ. ಬರೀ 10 ಅಡಿಗೆ ಲೆಕ್ಕ ಹಾಕಿ 70 ಅಡಿ ಬಿಟ್ಟು ಮಲಗಿದರೆ ಉಬ್ಬರ ಬಂದಾಗ ಲಂಗರು ಕಿತ್ತುಬರುತ್ತದೆ. ನಡುರಾತ್ರಿ ಹರಿವು ಪೂರಾ ಹಿಂದಕ್ಕೆ ತಿರುಗುತ್ತದೆ, ದೋಣಿಯೂ ಸುತ್ತಿಕೊಂಡು ತಿರುಗುತ್ತದೆ. ಇಬ್ಬರಲ್ಲಿ ಒಬ್ಬರು ಎದ್ದು ನೋಡಲೇಬೇಕು. ನಮ್ಮಲ್ಲಿ ಯಾರಿಗೆ ಮೊದಲು ಎಚ್ಚರವಾಯಿತೋ ಅವರ ಸರದಿ.

ಹಾಯಿ ಏನಾಯಿತು ಅಂತ ನೀವು ಕೇಳಬಹುದು. ಕಿರಿದಾದ ಕಾಲುವೆಗಳಲ್ಲಿ ಎಂಜಿನ್ನೇ ಗತಿ. ಗಾಳಿ ಪಕ್ಕದಿಂದ ಬಂದರೆ ಮುಂದಿನ ಹಾಯಿ ಬಿಚ್ಚಿ ಎಂಜಿನ್ ತಗ್ಗಿಸುತ್ತೇವೆ, ಒಂದು ಮೈಲಿ ಜಾಸ್ತಿ ವೇಗ ಸಿಗುತ್ತದೆ. ಅಲ್ಬೆಮಾರ್ಲ್ ಸೌಂಡ್‌ನಂಥ ಅಗಲವಾದ ಹಿನ್ನೀರುಗಳಲ್ಲಿ ಪೂರ್ತಿ ಹಾಯಿ ಏರಿಸಬಹುದು. ಆದರೆ ಅಲ್ಲಿ ಆಳ ಕಡಿಮೆ ಇರುವುದರಿಂದ ಸ್ವಲ್ಪ ಗಾಳಿಗೇ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಹವಾಮಾನ ನೋಡಿಕೊಂಡೇ ದಾಟಬೇಕು.

ಫ್ಲಾರಿಡಾದಲ್ಲಿ 1565ರಷ್ಟು ಹಳೆಯ ಸೇಂಟ್ ಆಗಸ್ಟೀನ್ ಊರು, ಅಲ್ಲಿಂದ ಮುಂದೆ ಮ್ಯಾನಟಿ ಅನ್ನುವ ದೊಡ್ಡ ಸಾಧು ಪ್ರಾಣಿಗಳಿಗಾಗಿ ವೇಗ ತಗ್ಗಿಸಬೇಕಾದ ಜಾಗಗಳು. ಕೊನೆಗೆ ಮಯಾಮಿಯ ಹತ್ತಿರ ಜೂಲಿಯಾ ಟಟಲ್ ಸೇತುವೆ. ಎಲ್ಲ ಕಡೆ 65 ಅಡಿ ಇರುವಾಗ ಇದೊಂದು ಮಾತ್ರ 56. ನಮ್ಮ ಕಂಬಕ್ಕೆ ಸಾಲದು. ಹಾಗಾಗಿ ಫೋರ್ಟ್ ಲಾಡರ್‌ಡೇಲ್‌ನಲ್ಲೇ ಹೊರಬಿದ್ದು ಕಡಲಿನ ಮೇಲೆ ಮಯಾಮಿಗೆ ಹೋದೆವು. ಆ ಕೆಲವು ಗಂಟೆ ಎಂಜಿನ್ ಆರಿಸಿ ಪೂರಾ ಗಾಳಿಯಲ್ಲೇ ಹೋದದ್ದು. ನಮ್ಮವರು ತುಂಬಾ ಖುಷಿಯಾಗಿದ್ದರು.

ವಾಪಸ್ ಹೋಗುವಾಗ ಹೊರಗಿನಿಂದಲೇ ಹೋಗೋಣವಾ ಅಂತ ಅವರು ಕೇಳಿದರು. ಅಲ್ಲಿ ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಇದೆ, ದೋಣಿಯನ್ನು ತಾನೇ ಹೊತ್ತೊಯ್ಯುತ್ತದೆ, ಎಷ್ಟೋ ದಿನ ಉಳಿಯುತ್ತದೆ. ಉಳಿಸಿದ ದಿನಗಳನ್ನು ಏನು ಮಾಡೋಣ ಅಂದೆ ನಾನು. ವಕ್ಕಮಾದಲ್ಲಿ ಕಳೆಯೋಣ ಅಂದರು ಅವರು. ಹಾಗಾದರೆ ಒಳಗಿಂದಲೇ ಹೋಗಬೇಕಲ್ಲ! ಮಾತು ಅಲ್ಲಿಗೆ ಮುಗಿಯಿತು. ಏಪ್ರಿಲ್‌ನಲ್ಲಿ ಹೊರಡುತ್ತೇವೆ. ಜಾರ್ಜಿಯಾದ ಆಳವಿಲ್ಲದ ಕಡೆಗಳನ್ನು ಏರುವ ಉಬ್ಬರದಲ್ಲಿ ದಾಟುವ ಹಾಗೆ ಪಟ್ಟಿ ನೋಡಿ ಹೊತ್ತು ಗುರುತು ಮಾಡಿಕೊಳ್ಳುತ್ತಿದ್ದೇವೆ. ಏರುವ ನೀರಿನಲ್ಲಿ ದೋಣಿ ಕೆಸರಿಗೆ ಕೂತರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ. ಈ ದಾರಿಗೆ ಬರಬೇಕು ಅಂದುಕೊಂಡಿರುವವರು ಮೊದಲು ಆ ಪಟ್ಟಿಯನ್ನು ಓದುವುದು ಕಲಿಯಿರಿ.

ನಮಸ್ಕಾರ.